ಬೀದಿಯಲ್ಲಿ ಕುದಿದ ಪಾತ್ರೆ

ಜೇಬೆಜ್ ಟ್ಯಾಪ್‌ಸ್ಕಾಟ್ ನಾಚಿಕೆಯಿಲ್ಲದ ಮನುಷ್ಯ. ಒಂದು ತುಂಡು ದನದ ಮಾಂಸಕ್ಕೆ ತನ್ನನ್ನು ಮಾರಿಕೊಳ್ಳುತ್ತಿದ್ದ. ಇದನ್ನು ನಾನು ಕೇಳಿ ಹೇಳುತ್ತಿಲ್ಲ, ಕಂಡು ಹೇಳುತ್ತಿದ್ದೇನೆ.

ನಮ್ಮ ಥಾರ್ನಿಕೋಂಬಿನಲ್ಲಿ ಸ್ವಂತ ಒಲೆಯ ಮೇಲೆ ಪಾತ್ರೆ ಕುದಿಸುವ ಗಂಡಸಿಗೆ ಮಾತ್ರ ಓಟು. ಒಂದೇ ಮನೆಯನ್ನು ಹಂಚಿಕೊಂಡವರು ಚುನಾವಣೆಯ ದಿನ ಬೀದಿಯಲ್ಲಿ ಇಟ್ಟಿಗೆ ಹೂಡಿ, ಎಲ್ಲರೆದುರು ಕುದಿಸಿ ತೋರಿಸಬೇಕು. ಅಭ್ಯರ್ಥಿ ಬಂದು ಒಂದು ಸೌಟು ಕುಡಿದರೆ ಆ ಓಟು ಗಟ್ಟಿ; ಆಮೇಲೆ ಯಾರೂ ತಕರಾರು ತೆಗೆಯುವಂತಿಲ್ಲ. ಇಂಥ ಅರವತ್ತೊಂದು ಒಲೆಗಳ ಮೇಲೆ ಸರ್ ಹಂಫ್ರಿ ವೆನ್ ಇಪ್ಪತ್ತೆರಡು ವರ್ಷ ಪಾರ್ಲಿಮೆಂಟಿನಲ್ಲಿ ಕುಳಿತರು. ನೌಕಾಪಡೆಗೆ ಆಹಾರ ಒದಗಿಸುವ ಇಲಾಖೆಯ ಮುಖ್ಯಸ್ಥರೂ ಆದರು. ಪಾತ್ರೆಗೆ ಬೀಳುವ ಮಾಂಸವೂ ಅವರದೇ. ಹಿಂದಿನ ದಿನ ಅವರ ಏಜೆಂಟ್ ಕ್ರೀಡ್ ಅದನ್ನು ಮನೆಮನೆಗೆ ಹಂಚುತ್ತಿದ್ದ.

ಜೇಬೆಜ್ ಜೋಡು ಹೊಲಿಯುತ್ತಿದ್ದ. ಅವನಿದ್ದ ಅರ್ಧ ಮನೆ ಸರ್ ಹಂಫ್ರಿಯವರದು. ಒಬ್ಬನೇ ಮಗ ಈಲೈ ನೌಕಾಪಡೆ ಸೇರಿದ್ದ. ಒಂದು ದಿನ ಅವನ ಜೊತೆಗಾರನ ಕಾಗದ ಬಂತು. ಜೇಬೆಜ್‌ಗೆ ಓದು ಬಾರದು. ಪಾದ್ರಿಯ ಮಗಳಾದ ನಾನೇ ಓದಿದೆ. ಹಡಗಿನ ಪೀಪಾಯಿಗಳ ಮಾಂಸ ಕೊಳೆತು ಹೋಗಿತ್ತು, ನಾವಿಕರು ಜೋಡಿನ ಅಡಿಯ ಚರ್ಮದ ಅಟ್ಟೆ ಕತ್ತರಿಸಿ ಬೇಯಿಸಿಕೊಂಡರು, ಹನ್ನೊಂದನೆಯ ವಾರ ಈಲೈ ಸತ್ತ.

"ಆ ಸಾಲು ಇನ್ನೊಂದ್ಸಲ ಓದಿ, ಅಮ್ಮಾವ್ರೇ."

"ಯಾವುದು?"

"ಜೋಡಿನದು."

ಓದಿದೆ.

"ಉಪ್ಪು ಹಾಕಿದ್ರಂತಾ?" ಎಂದ. ಅದನ್ನು ಬರೆದಿರಲಿಲ್ಲ.

ಹತ್ತೇ ದಿನಕ್ಕೆ ಚುನಾವಣೆ. ಜೇಬೆಜ್ ಕ್ರೀಡ್ ಕೊಟ್ಟ ಮಾಂಸ ಬೇಯಿಸಿ, ಉಂಡು, ಓಟಿನ ಕಟ್ಟೆ ಹತ್ತಿ ಸರ್ ಹಂಫ್ರಿಯವರ ಹೆಸರು ಕೂಗಿ ಓಟು ಕೊಟ್ಟ. ನಾನು ಅಲ್ಲೇ ಕೇಳಿದೆ: "ಆ ಪೀಪಾಯಿಗಳಿಗೆ ಸಹಿ ಹಾಕಿದವರ ಮಾಂಸ ನಿನ್ನ ಗಂಟಲಲ್ಲಿ ಇಳೀತಾ?"

"ಇಳೀತು, ಅಮ್ಮಾವ್ರೇ. ಇದು ಕೊಳೆತಿರ್ಲಿಲ್ಲ."

ಆರು ವರ್ಷ ಅವನ ಜೊತೆ ಮಾತಾಡಲಿಲ್ಲ; ಜೋಡನ್ನು ಬೇರೆ ಊರಿನಲ್ಲಿ ಹೊಲಿಸಿದೆ.

ಆರನೆಯ ವರ್ಷ ಸರ್ ಹಂಫ್ರಿಯವರಿಗೆ ಖಜಾನೆಯ ಪದವಿ ಸಿಕ್ಕಿತು. ದೊರೆಯಿಂದ ಪದವಿ ಪಡೆದವರು ಸದಸ್ಯತ್ವ ಬಿಟ್ಟು ಮತ್ತೆ ಗೆದ್ದು ಬರಬೇಕು. ಈ ಸಲ ಹಡಗಿನ ನಿವೃತ್ತ ಕ್ಯಾಪ್ಟನ್ ಒಬ್ಬ ಎದುರು ನಿಂತ. ಕ್ರೀಡ್ ಜೇಬೆಜ್‌ನ ಬಾಗಿಲಿಗೆ ಬಂದಾಗ ನಾನು ಬೀದಿಯಲ್ಲಿದ್ದೆ.

"ಮೂವತ್ತು ಒಲೆ ಆ ಕ್ಯಾಪ್ಟನ್ ಕಡೆ, ಮೂವತ್ತು ನಮ್ಮ ಕಡೆ, ಉಳಿದಿರೋದು ನಿಂದೊಂದೇ. ನೀನು ಕೈ ಕೊಟ್ರೆ ನಾಳೆ ಸಂಜೆಗೆ ನಿನ್ ಸಾಮಾನು ಚರಂಡೀಲಿರತ್ತೆ, ಟ್ಯಾಪ್‌ಸ್ಕಾಟ್."

"ನಾನ್ಯಾವತ್ತು ಕೈ ಕೊಟ್ಟಿದೀನಿ, ಧಣಿ? ಸ್ವಲ್ಪ ಕೊಬ್ಬಿರೋ ತುಂಡು ಕೊಡಿ."

ಎದುರುಮನೆಯ ಪೀಪಾಯಿ ಮಾಡುವ ಯೋ ಎಂಬವನು ನಕ್ಕ. "ನಿಂಗೆ ಹೊಟ್ಟೆ ಇದ್ರೆ ಸಾಕು ಬಿಡಪ್ಪ, ಬೆನ್ನುಮೂಳೆ ಯಾಕೆ?"

"ಮೂಳೆ ಬಿದ್ರೇ ಕಣೋ ಸಾರಿಗೆ ರುಚಿ."

ಮರುದಿನ ಬೆಳಿಗ್ಗೆ ಸರ್ ಹಂಫ್ರಿ ಕಂದು ಮಖಮಲ್ಲಿನ ಕೋಟು ತೊಟ್ಟು ಒಲೆಯಿಂದ ಒಲೆಗೆ ಬಂದರು. ಜೇಬೆಜ್ ಟೋಪಿ ತೆಗೆದು ಸೌಟು ಕೊಟ್ಟ. ಅವರು ಕುಡಿದರು. ಮುಖ ಹಿಂಡಿದರು.

"ಯಾವ ಮಾಂಸವಯ್ಯ ಇದು?"

"ಜೋಡಿನ ಅಟ್ಟೆ, ಧಣಿ. ನನ್ ಮಗ ನಿಮ್ ಹಡಗಲ್ಲಿ ಕೊನೆಗೆ ತಿಂದದ್ದು."

ಆಗ ಕಂಡೆ: ಕ್ರೀಡ್ ಕೊಟ್ಟ ಮಾಂಸ ಬಾಗಿಲ ಮೊಳೆಗೆ ಹಾಗೇ ನೇತಾಡುತ್ತಿತ್ತು. ಅದರ ಕೆಳಗೆ ಜೇಬೆಜ್‌ನ ಉಳಿ, ಸುತ್ತಿಗೆ, ಹಾಸಿಗೆ ಆಗಲೇ ಗಂಟಾಗಿ ಹೊರಗಿದ್ದವು; ಅವನೇ ಕಟ್ಟಿಟ್ಟಿದ್ದ.

"ಈ ಪಾತ್ರೆ ಲೆಕ್ಕಕ್ಕಿಲ್ಲ. ಇವನಿಗೆ ಓಟಿಲ್ಲ," ಎಂದ ಕ್ರೀಡ್.

"ಕುಡಿದಾಯ್ತಲ್ಲ ಅವ್ರು," ಎಂದ ಯೋ, ಈಗ ನಗದೆ. "ಊರೇ ನೋಡಿದೆ. ಇವನ ಓಟು ಗಟ್ಟಿ."

ಸರ್ ಹಂಫ್ರಿ ಸೌಟನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. ಜೇಬೆಜ್ ಅದನ್ನು ಅವರ ಕೈಯಿಂದ ಮೆಲ್ಲನೆ ತೆಗೆದುಕೊಂಡ. ಅವನು ಜೇಬಿನಿಂದ ಒಂದು ಚಿಟಿಕೆ ಉಪ್ಪು ತೆಗೆದು ಪಾತ್ರೆಗೆ ಹಾಕಿ, ಕಲಕಿ, ಮಿಕ್ಕದ್ದನ್ನು ತಾನೇ ಕುಡಿಯತೊಡಗಿದ.