ಬಸೂ ನಯೇ

ನಮ್ಮೂರ ಕ್ಯಾಂಪ್ ಪೇಟೆಯ ಹಳೆ ಸಾಮಾನಿನ ಅಂಗಡಿಗಳನ್ನು ಸುತ್ತಿ ಸುತ್ತಿ ನನ್ನ ಸೊಂಟ ಕೈಕೊಟ್ಟಿತ್ತು. ಮನೆಯ ಪಡಸಾಲೆಗೆ ಅಜ್ಜನ ಕಾಲದ ಕುರ್ಚಿಯೇ ಬೇಕೆಂದು ಹೆಂಡತಿಯ ಹಟ. ಹೊಸ ಸೋಫಾ ಆದರೂ ಸರಿ, ಕೂತರೆ ಬೆನ್ನಿಗೆ ಹಿತವಾಗಬೇಕೆಂದು ನನ್ನದು. ಕೊನೆಯ ಅಂಗಡಿಯಲ್ಲಂತೂ ಕುರ್ಚಿ ಕುರ್ಚಿಗೂ ಮರಾಠಿಯ ಹಲಗೆ: ‘ಬಸೂ ನಯೇ.’ ಕೂಡಬಾರದಂತೆ! ಮತ್ತೆ ಕುರ್ಚಿ ಇರುವುದು ಕೈಮುಗಿಯಲಿಕ್ಕೋ?

ಹಲಗೆ ಇಲ್ಲದ್ದು ಒಂದೇ, ಅಂಗಡಿಯ ಕಾಕಾ ದಿನಾ ಕೂಡುವ ಬೆತ್ತದ ಸಾದಾ ಕುರ್ಚಿ. ಅವರು ಚಹಾ ಹೇಳಲು ಹೊರಗೆ ಹೋದಾಗ ಕೂತು ನೋಡಿದೆ. ಬೆನ್ನು ‘ಅಬ್ಬಾ’ ಎಂದಿತು. ಒಯ್ದರೆ ಇದನ್ನೇ ಒಯ್ಯಬೇಕು. ಆದರೆ ಅಂಗಡಿಯ ಆ ತುದಿಯಲ್ಲಿ ಕುರ್ಚಿ ನೋಡುತ್ತಿದ್ದ ನಮ್ಮಾಕೆ ಒಪ್ಪಬೇಕಲ್ಲ? ಹಲಗೆ ಇದ್ದರೇನೇ ಹಳೆಯದು ಎಂಬುದು ಆಕೆಯ ಲೆಕ್ಕ. ಪಕ್ಕದ ಕುರ್ಚಿಯ ಹಲಗೆಯನ್ನು ಮೆಲ್ಲಗೆ ಬಿಚ್ಚಿ ಇದಕ್ಕೆ ಕಟ್ಟಿ, ಏನೂ ಅರಿಯದವನಂತೆ ಗೋಡೆಗೆ ಒರಗಿ ನಿಂತೆ.

“ಅಯ್ಯ, ಇಲ್ಲಿ ನೋಡ್ರಿ! ಇದು ಖರೇ ಹಳೇದು ಅದ,” ಎಂದಳು ಆಕೆ.

ಮರಳಿ ಬಂದ ಕಾಕಾ ಒಮ್ಮೆ ಹಲಗೆಯನ್ನು ನೋಡಿದರು, ಒಮ್ಮೆ ನನ್ನನ್ನು. ನಾನು ಕಣ್ಣು ಹೊಡೆದೆ.

“ಆಜೋಬಾಂಚೀ ಆಹೇ, ವಹಿನಿ,” ಎಂದರು ನಮ್ಮಾಕೆಗೆ. ಅವರ ಅಜ್ಜನದಂತೆ! ಗಂಟಲು ಬೇರೆ ಗದ್ಗದ. ನನಗಿಂತ ಪಳಗಿದ ಕಿಲಾಡಿ.

ಕುರ್ಚಿ ಮನೆಗೆ ಬಂತು. ಚಪ್ಪಲಿ ಬಿಟ್ಟು ಇನ್ನೇನು ಕೂಡಬೇಕು, ಆಕೆ ಚೀರಿದಳು: “ಏ, ತಡೀರಿ! ಓದ್ಲಿಕ್ಕೆ ಬರಂಗಿಲ್ಲೇನು?”

ಕಾಕಾ ಆ ಹಲಗೆಯನ್ನೂ ಪುಕ್ಕಟೆಯಾಗಿ ಕಟ್ಟಿ ಕಳಿಸಿದ್ದರು.

ಬೇಕಾದರೆ ನಂಬಿ, ಇದನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ.