ಕೊಲಂಬೊಗೆ ದಾರಿ ಹೇಳುವ ಹೆಬ್ಬಾಳದ ಮುನಿಕೃಷ್ಣಮ್ಮ

ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನ ಬಚ್ಚಲುಮನೆಯಲ್ಲಿ ಹಂಡೆ ಒಲೆ ಉರಿಯುತ್ತಿದೆ. ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಮಣೆಯ ಮೇಲೆ ಕುಳಿತು ಕಾಲು ಚಾಚಿದ ಮುನಿಕೃಷ್ಣಮ್ಮ, ಎರಡು ತಿಂಗಳ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆಮೈಗೆ ಕಡಲೆಹಿಟ್ಟು ಸವರುತ್ತಿದ್ದಾರೆ. ಬಿಸಿನೀರು ಬಿದ್ದೊಡನೆ ಕೂಸು ಕಿರುಚುತ್ತದೆ. ಟವಲು ಹಿಡಿದು ಬಾಗಿಲಲ್ಲಿ ನಿಂತ ಅಜ್ಜಿ ಸುಬ್ಬಲಕ್ಷ್ಮಮ್ಮನವರಿಗೆ ಬೇರೆಯದೇ ಚಿಂತೆ.

"ಇಷ್ಟು ಎಳೇ ಕೂಸನ್ನ ಹಡಗು ಹತ್ತಿಸೋದು ಹೇಗೆ, ಮುನಿಕೃಷ್ಣಮ್ಮ? ನಾನೇ ಸಮುದ್ರ ಕಂಡವಳಲ್ಲ."

ಅವರ ಮಗ ಕೊಲಂಬೊದ ಬ್ಯಾಂಕೊಂದರಲ್ಲಿ ನೌಕರ. ತನ್ನ ಎರಡನೆಯ ಮಗುವಿನ ಮುಖವನ್ನು ಇನ್ನೂ ನೋಡಿಲ್ಲ, ರಜೆ ಸಿಕ್ಕುವಂತಿಲ್ಲ. ಎಲ್ಲರೂ ಬಂದು ಒಂದೆರಡು ತಿಂಗಳು ಇದ್ದು ಹೋಗಿ ಎಂದು ಕರೆಯುತ್ತಲೇ ಇದ್ದಾನೆ. ಸೊಸೆಗೆ ಆಸೆ, ಅತ್ತೆಗೆ ಭಯ. ಮಾತು ಮುಂದಕ್ಕೆ ಹೋಗದೆ ನಿಂತಿದೆ.

"ಈಗ್ಲೇ ಬ್ಯಾಡಿ ಅಮ್ಮಾರೆ," ಎನ್ನುತ್ತಾರೆ ಮುನಿಕೃಷ್ಣಮ್ಮ, ಕೂಸಿನ ಬೆನ್ನು ತಿಕ್ಕುತ್ತಾ. "ಕೂಸಿನ ಕತ್ತು ನಿಲ್ಲಲಿ, ಸಂಕ್ರಾಂತಿ ಕಳೀಲಿ. ಆಗ ಅಲ್ಲಿ ಸಮುದ್ರಾನೂ ಸಾಧುವಾಗಿರ್ತದೆ."

ಕ್ವಾರ್ಟರ್ಸಿನಲ್ಲಿ ಯಾರಾದರೂ ಕೊಲಂಬೊಗೆ ಹೊರಟರೆ ಮೊದಲು ವಿಚಾರಿಸುವುದು ಮಕ್ಕಳಿಗೆ ನೀರು ಹಾಕುವ ಈ ಹೆಂಗಸನ್ನು. ಹೆಬ್ಬಾಳದ ಮನೆಯಿಂದ ಕತ್ತಲಲ್ಲೇ ಹೊರಟು, ಬಿಸಿಲೇರುವುದರೊಳಗೆ ನಾಲ್ಕೈದು ಮನೆಗಳ ಬಾಣಂತಿ, ಕೂಸುಗಳಿಗೆ ನೀರು ಹಾಕಿ ಮುಗಿಸುವ ಕೆಲಸ ಇವರದು. ಬೆನ್ನು ನೋಯುತ್ತದೆ, ಬಿಸಿನೀರಿನ ಹಬೆಗೆ ಕಣ್ಣು ಉರಿಯುತ್ತದೆ. ಕೆಲಸ ಬಿಟ್ಟಿಲ್ಲ.

ಮದುವೆಯಾದ ವರ್ಷದೊಳಗೇ ಗಂಡ ಜ್ವರದಲ್ಲಿ ತೀರಿಕೊಂಡ. ತವರಿಗೆ ಮರಳಿದ ಹುಡುಗಿಯನ್ನು ಮಲ್ಲೇಶ್ವರದ ಕುಟುಂಬವೊಂದು ಮಕ್ಕಳನ್ನು ನೋಡಿಕೊಳ್ಳಲು ಕೊಲಂಬೊಗೆ ಕರೆದೊಯ್ದಿತು. ಯಜಮಾನರಿಗೆ ಅಲ್ಲಿನ ಚಹಾ ಕಂಪನಿಯಲ್ಲಿ ಕೆಲಸ. ಸಮುದ್ರದಂಡೆಯ ಆ ಊರು ಮುನಿಕೃಷ್ಣಮ್ಮನಿಗೆ ಹಿಡಿಸಿತು. ಆಮೇಲೆ ಯುದ್ಧ ಬಂತು. ಒಂದು ಭಾನುವಾರ ಬೆಳಿಗ್ಗೆ ಜಪಾನಿನ ವಿಮಾನಗಳು ಬಂದರಿನ ಮೇಲೆ ಬಾಂಬು ಹಾಕಿದವು.

"ಅಮ್ಮಾರು ಟೈಫಾಯ್ಡಾಗಿ ಆಸ್ಪತ್ರೇಲಿದ್ರು. ಯಜಮಾನ್ರು ಅವ್ರನ್ನ ಬಿಟ್ಟು ಬರಂಗಿರ್ಲಿಲ್ಲ. 'ಮಕ್ಕಳನ್ನ ಊರಿಗೆ ಮುಟ್ಟಿಸಮ್ಮ' ಅಂತ ನನ್ ಕೈಗೆ ಕೊಟ್ಟು ಅತ್ಬುಟ್ರು," ಎಂದು ಹೇಳುವಾಗ ಅವರ ದನಿ ತಗ್ಗುತ್ತದೆ.

ಹಡಗುಕಟ್ಟೆಗೆ ಹೋಗುವ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಸಿದು ಅಳುತ್ತಿದ್ದ ಮಕ್ಕಳಿಗೆ, ತನ್ನ ಸಂಸಾರವನ್ನು ಕಟ್ಟಿಕೊಂಡು ಹೊರಟಿದ್ದ ಒಬ್ಬ ತಮಿಳು ಹೆಂಗಸು ಬುತ್ತಿಯ ಅನ್ನ ಬಿಚ್ಚಿ ತಿನ್ನಿಸಿದಳು. "ಅವ್ಳ ಎಸ್ರೂ ಕೇಳ್ಲಿಲ್ಲ ನಾನು. ಇವತ್ತಿಗೂ ಅನ್ನಕ್ಕೆ ಕೈ ಇಟ್ರೆ ಆಯಮ್ಮ ಚೆನ್ನಾಗಿರ್ಲಿ ಅಂತೀನಿ." ಹಡಗಿನ ನೂಕುನುಗ್ಗಲಿನಲ್ಲಿ ಇಬ್ಬರು ಮಕ್ಕಳನ್ನೂ ಸೆರಗಿನಿಂದ ಸೊಂಟಕ್ಕೆ ಬಿಗಿದುಕೊಂಡು ಧನುಷ್ಕೋಟಿಯಲ್ಲಿ ಇಳಿದರು. ಅಲ್ಲಿಂದ ರೈಲು ಬದಲಿಸುತ್ತಾ ಬಂದು ಮಲ್ಲೇಶ್ವರದ ಅಜ್ಜನ ಮನೆಯ ಬಾಗಿಲು ತಟ್ಟಿದರು. ತಿಂಗಳುಗಳ ಮೇಲೆ ತಾಯಿ ಗುಣವಾಗಿ ಬಂದಳು. ಮಕ್ಕಳನ್ನು ಅಪ್ಪಿಕೊಂಡವಳು, ಮರುಗಳಿಗೆ ಮುನಿಕೃಷ್ಣಮ್ಮನ ಕಾಲಿಗೆ ಬಗ್ಗಿದಳಂತೆ. "ಅಯ್ಯೋ, ಬೀಳಾಕೆ ಬಿಡ್ಲಿಲ್ಲ ನಾನು, ಇಡ್ಕಂಡೆ. ಇಬ್ರೂ ಅತ್ವಿ." ಆ ಮಕ್ಕಳಲ್ಲಿ ದೊಡ್ಡವಳ ಬಾಣಂತನವನ್ನೂ ಮೊನ್ನೆ ಮೊನ್ನೆ ಇವರೇ ಮಾಡಿ ಬಂದಿದ್ದಾರೆ.

ಕ್ವಾರ್ಟರ್ಸಿನಲ್ಲಿ ಈ ಹೆಂಗಸನ್ನು ನೆನೆಯುವ ಇನ್ನೊಬ್ಬರು ಫಿಟ್ಟರ್ ಖಾದರ್ ಬಾಷಾ. ಹೋದ ವರ್ಷ ಹೆಂಡತಿ, ಮಗಳೊಂದಿಗೆ ಕೊಲಂಬೊದಲ್ಲಿರುವ ತಂಗಿಯ ಮನೆಗೆ ಹೋಗಿದ್ದರು. "ಅಕ್ಕ ಹೇಳಿದ್ರು, 'ನೀರಿನ ಹತ್ರ ಮಗೂನ ಬೆರಳು ಹಿಡೀಬೇಡಿ, ಒದ್ದೆ ಕೈ ಜಾರುತ್ತೆ, ಮಣಿಕಟ್ಟು ಹಿಡೀರಿ' ಅಂತ. ಒಂದು ಅಲೆ ಬಂತು ನೋಡಿ, ನನ್ನ ಮಗಳ ಕಾಲು ನೆಲ ಬಿಟ್ಟೇಹೋಯ್ತು. ಮಣಿಕಟ್ಟು ನನ್ನ ಕೈಲಿತ್ತು. ಆ ಮಗು ಇವತ್ತು ಸ್ಕೂಲಿಗೆ ಹೋಗ್ತಿದೆ ಅಂದ್ರೆ ಅಕ್ಕನಿಂದ ಕಣ್ರೀ." ಅವರು ತಂದುಕೊಟ್ಟ ದಾಲ್ಚಿನ್ನಿಯನ್ನು ಮುನಿಕೃಷ್ಣಮ್ಮ ಬಾಣಂತಿಯರ ಮನೆಗಳಿಗೆಲ್ಲ ಹಂಚಿಬಿಟ್ಟರು.

ಕೂಸಿನ ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಾ ಮಾತು ಮುಂದುವರಿಯುತ್ತದೆ. ಹಡಗಿನಲ್ಲಿ ಹೊಟ್ಟೆ ತುಂಬ ತಿನ್ನಬಾರದು, ಉಪ್ಪು ಹಚ್ಚಿದ ನಿಂಬೆಹೋಳು ಬಾಯಲ್ಲಿರಲಿ. ಚೆಟ್ಟಿಯಾರ್ ಬೀದಿಯಲ್ಲಿ ಮುರುಗನ ಗುಡಿಯೂ ಇದೆ, ಸಸ್ಯಾಹಾರದ ಹೋಟೆಲೂ ಇದೆ. "ಬೇರೆ ಕಡೆ ತೆಂಗಿನಕಾಯಿ ಚಟ್ನಿ ಮುಟ್ಟಬ್ಯಾಡಿ ಅಮ್ಮಾರೆ, ಒಣಮೀನಿನ ಪುಡಿ ಬೆರೆಸಿರ್ತಾರೆ. ಕೆಂಪು ಎಳನೀರು ಕುಡೀರಿ, ಅಮೃತ. ದೊಡ್ಡ ಮಗೂನ ದೆಹಿವಾಲದ ಮೃಗಾಲಯಕ್ಕೆ ಕರ್ಕಂಡೋಗಿ. ಸಂಜೆ ಸಮುದ್ರದ ದಂಡೆ ಗಾಲ್‌ಫೇಸ್ ಬಯಲಿಗೆ ಓಗಿ ಕೂತ್ಕಳಿ, ಗಾಳಿಪಟ ಆರಿಸ್ತಿರ್ತಾರೆ. ಭಯ ಎಲ್ಲ ಅಲ್ಲೇ ಓಯ್ತದೆ."

ಸುಬ್ಬಲಕ್ಷ್ಮಮ್ಮ ಟವಲಿನಲ್ಲಿ ಮೊಮ್ಮಗನನ್ನು ಸುತ್ತಿ ಎದೆಗೊತ್ತಿಕೊಳ್ಳುತ್ತಾರೆ. ಒಳಗಿದ್ದ ಸೊಸೆಯನ್ನು ಕೂಗುತ್ತಾರೆ. "ಸಂಕ್ರಾಂತಿ ಮುಗಿಸ್ಕೊಂಡು ಹೊರಡೋಣ ಅಂತ ಅವನಿಗೆ ಬರೆದುಬಿಡಮ್ಮ." ಕೋಣೆಯಿಂದ ಬಳೆಯ ಸದ್ದು ಓಡಿ ಬರುತ್ತದೆ.

"ನೀನೂ ಬಾರೇ ನಮ್ಮ ಜೊತೆ," ಎನ್ನುತ್ತಾರೆ ಸುಬ್ಬಲಕ್ಷ್ಮಮ್ಮ. "ಕೂಸನ್ನ ನೋಡ್ಕೊಂಡಿರುವಿಯಂತೆ."

ಒದ್ದೆ ಸೆರಗು ಹಿಂಡುತ್ತಾ ಮುನಿಕೃಷ್ಣಮ್ಮ ನಗುತ್ತಾರೆ.

"ಕೂಸು ನೋಡ್ಕಳಾಕೆ ಬರಾಕಿಲ್ಲ ಅಮ್ಮಾರೆ. ಅಷ್ಟು ವರ್ಷ ಅಲ್ಲಿದ್ರೂ ಮಕ್ಕಳ ಮ್ಯಾಲಿನ ಕಣ್ಣು ಎತ್ತಿ ಸಮುದ್ರ ಸರ್ಯಾಗಿ ನೋಡ್ಲಿಲ್ಲ ನಾನು. ಯಾವತ್ತಾರ ಒಂದಿನ ಅಲ್ಲಿಗೆ ಓದ್ರೆ, ಬರಿಗೈಲಿ ಓಗ್ಬೇಕು. ಮರಳಲ್ಲಿ ಸುಮ್ಕೆ ಕುಂತ್ಕಂಡು ನೋಡ್ಬೇಕು."