ಬೂದು ಬಟ್ಟೆಯಡಿಯ ಕೋಟೆ

ನಮ್ಮ ಕ್ಲಬ್ಬಿನಲ್ಲಿ ರಾಜ್ಯ ಗೆಲ್ಲುವ ಆಟಕ್ಕೆ ಇಬ್ಬರು ಆಟಗಾರರು, ಎರಡು ಕೋಣೆ, ಮೂರು ನಕ್ಷೆ. ಆಟಗಾರರ ನಕ್ಷೆಗಳ ಮೇಲೆ ಬೂದು ಬಟ್ಟೆಯ ತುಂಡುಗಳು. ಅವರವರ ಸೈನಿಕರ ಕಣ್ಣಿಗೆ ಬಿದ್ದಷ್ಟು ನೆಲದ ಮೇಲಿನ ಬಟ್ಟೆಯನ್ನು ಮಾತ್ರ ತೆಗೆಯಲಾಗುತ್ತದೆ. ಪೂರ್ತಿ ನಕ್ಷೆ ನಡುವಿನ ಓಣಿಯ ಮೇಜಿನ ಮೇಲೆ, ಮಧ್ಯಸ್ಥೆಯಾದ ದರ್ಜಿ ಹೆಂಗಸಿನ ಮುಂದೆ. ಅವಳ ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ. ಎಲ್ಲರೂ ಅವಳನ್ನು ‘ಗೋಡೆ’ ಎನ್ನುತ್ತಿದ್ದರು.

ಅಂತಿಮ ಪಂದ್ಯದ ಬೆಳಿಗ್ಗೆ, ಆಡಬೇಕಿದ್ದ ಅವಳ ಮೈದುನ ಅಡುಗೆಮನೆ ಬಾಗಿಲಿಗೆ ಬಂದು ನಿಂತ.

“ಅತ್ತಿಗೆ, ಬಾಯಿ ಬಿಡೋದು ಬೇಡ. ಅಪಾಯ ಇದ್ರೆ ಒಂದು ಸಲ ಕೆಮ್ಮಿ, ಸಾಕು.”

“ಕೆಮ್ಮು ಬಂದ್ರೆ ಡಾಕ್ಟರ ಹತ್ರ ಹೋಗ್ತೀನಿ. ನೀನು ತಿಂಡಿ ತಿಂದು ನಡಿ.”

ಆಟದಲ್ಲಿ ಅವನ ಬೇಹುಗಾರನಿಗೆ ಉತ್ತರದ ಕೋಟೆ ಕಂಡಿತು. ಅವಳು ಬಟ್ಟೆ ತೆಗೆದಳು; ಕೋಟೆ ಖಾಲಿ. ಅವನು ಬೇಹುಗಾರನನ್ನು ಬೇರೆಡೆಗೆ ಕಳಿಸಿದ. ಒಮ್ಮೆ ತೆರೆದ ನೆಲ ಕೊನೆಯ ಸಲ ಕಂಡಂತೆಯೇ ಉಳಿಯುತ್ತದೆ. ಆಮೇಲೆ ಅಲ್ಲಿಗೆ ಯಾರು ಬಂದರೆಂದು ನಕ್ಷೆ ಹೇಳುವುದಿಲ್ಲ. ಹೊಸಬರಿಗೆ ಈ ನಿಯಮವನ್ನು ಪಾಠ ಮಾಡುತ್ತಿದ್ದವನೇ ಮೈದುನ. ಆದರೂ ಹಳೆಯ ಸುದ್ದಿ ನಂಬಿ ಇಡೀ ಸೈನ್ಯವನ್ನು ನುಗ್ಗಿಸಿದ. ಅಷ್ಟರಲ್ಲಿ ಎದುರಾಳಿ ಅಂಚೆಯವನು ಕೋಟೆ ತುಂಬಿಸಿದ್ದ. ಸೈನ್ಯ ನುಚ್ಚುನೂರಾಯಿತು.

ಮೈದುನ ಓಣಿಗೆ ಬಂದು ಕೂಗಾಡಿದ. “ಖಾಲಿ ಅಂತ ತೋರಿಸಿದ್ದು ನೀವೇ! ಮನೆಯವನಿಗೇ ಹಳ್ಳ ತೋಡಿದ್ರಿ!”

“ಆಗ ಖಾಲಿ ಇತ್ತು. ಮತ್ತೆ ಹೋಗಿ ನೋಡ್ಬೇಡ ಅಂತ ನಿನ್ನ ಕಾಲು ಕಟ್ಟಿದ್ನಾ?”

ಕ್ಲಬ್ಬಿನ ಕಾರ್ಯದರ್ಶಿಗೆ ನಿಯಮಗಳೆಲ್ಲ ಬಾಯಿಪಾಠ. ಬೆನ್ನುಮೂಳೆ ಮಾತ್ರ ಇರಲಿಲ್ಲ. “ಯಾಕಮ್ಮ ರಗಳೆ? ತಪ್ಪಾಯ್ತು ಅಂದ್ಬಿಡಿ, ಪಂದ್ಯ ಮತ್ತೆ ಆಡಿಸೋಣ. ಇಲ್ದಿದ್ರೆ ಈ ಮೇಜಿಗೆ ಬೇರೆಯವರನ್ನ ನೋಡ್ಬೇಕಾಗುತ್ತೆ.”

ಪಂದ್ಯ ನೋಡಲು ಬಂದಿದ್ದ ಅವಳ ಗಂಡನೂ ಗೊಣಗಿದ. “ಹೇಳ್ಬಿಡೇ. ನಿಂದೇನು ಗಂಟು ಹೋಗುತ್ತೆ?”

“ಎರಡೂ ಕೋಣೆಯವರು ನಂಬೋದು ನನ್ನ ಮಾತನ್ನ. ಅದು ಹೋಗುತ್ತೆ.”

ದಿನವಿಡೀ ಊರಿನವರ ಅಳತೆಗೆ ತಲೆಬಾಗಿ ಹೊಲಿಯುವ ಅವಳಿಗೆ, ತನ್ನದೆನ್ನಲು ಇದ್ದದ್ದು ಆ ಮೇಜೊಂದೇ. ತಪ್ಪಾಯಿತೆಂದು ಅವಳು ಹೇಳಲಿಲ್ಲ. ಮೇಜು ಹೋಯಿತು.

ಮರುಪಂದ್ಯಕ್ಕೆ ಮೈದುನನ ಗೆಳೆಯನೇ ಮಧ್ಯಸ್ಥ. ನಾಚಿಕೆಗೇಡು! ಕಾಣದ ನೆಲದಲ್ಲಿ ಮೈದುನನ ಸೈನ್ಯ ಒಂದು ತಪ್ಪು ಹೆಜ್ಜೆಯನ್ನೂ ಇಡಲಿಲ್ಲ. ಅಂಚೆಯವನು ಅರ್ಧ ಆಟಕ್ಕೇ ಎದ್ದ. “ಎರಡು ಕೋಣೆ ಯಾಕ್ರೀ? ಅವನ ತೊಡೆ ಮೇಲೇ ನನ್ನ ನಕ್ಷೆ ಹಾಸ್ಬಿಡಿ” ಎಂದು ಹೊರಟುಹೋದ. ಕಾರ್ಯದರ್ಶಿ ಚಪ್ಪಾಳೆ ತಟ್ಟಿದ.

ಮೈದುನ ಪದಕ ತೊಟ್ಟು ಮನೆಗೆ ಬಂದಾಗ ಅವಳು ಕಿಟಕಿಯ ಬಳಿ ಕುಳಿತು ಕಾಜಾ ಹೊಲಿಯುತ್ತಿದ್ದಳು.

“ನೋಡಿ ಅತ್ತಿಗೆ!”

ಅವಳು ಸೂಜಿಯಿಂದ ಕಣ್ಣು ಕೀಳಲಿಲ್ಲ.

“ಬೆಳಕಿಗೆ ಅಡ್ಡ ನಿಂತಿದ್ದೀಯ. ಆಚೆ ಸರಿ.”